ನಮ್ಮಣ್ಣನ ಅತಿಥಿ ವೈಫೈ

ಮದಾಫಾದ ಚಾವಣಿಗೆ ವೈಫೈನ ಆ ಬಿಳಿ ತಟ್ಟೆಯನ್ನು ಕೂರಿಸಿದ ದಿನ ನಮ್ಮಣ್ಣ ಫಲಾಹ್ ಅದರ ಕೆಳಗೇ ನಿಂತು, ತಲೆಯ ವಸ್ತ್ರ ಜಾರುವಷ್ಟು ಕತ್ತೆತ್ತಿ ನೋಡಿದ.

"ಇದು ಅತಿಥಿಗಳನ್ನ ನೋಡ್ತಾ ಇರುತ್ತೇನೇ?"

"ಇಲ್ಲ ಅಜ್ಜ, ಅದಕ್ಕೆ ಕಣ್ಣಿಲ್ಲ," ಎಂದಳು ಶುರೂಕ್ ಏಣಿಯ ಮೇಲಿಂದ. ಅವಳ ಬಾಯಲ್ಲಿ ಎರಡು ಸ್ಕ್ರೂಗಳಿದ್ದವು.

"ಮತ್ತೆ ಆ ನೀಲಿ ದೀಪ?"

"ಕೆಲಸ ಮಾಡ್ತಿದೀನಿ ಅಂತ ಹೇಳೋಕೆ."

"ಕೆಲಸ ಮಾಡೋರು ದೀಪ ಹಚ್ಕೊಂಡು ಹೇಳ್ಕೋಬೇಕಾ? ನಮ್ಮ ದಿಯಾಬ್ ಇಷ್ಟು ವರ್ಷದಿಂದ ಕಾಫಿ ಕಾಯಿಸ್ತಿದಾನೆ, ಒಂದು ದಿನ ಹೇಳ್ಕೊಂಡಿಲ್ಲ."

"ಹೇಳ್ಕೊಂಡಿದೀನಿ ಹಾಜ್. ನೀವು ಕೇಳಿಸ್ಕೊಂಡಿಲ್ಲ," ಎಂದ ದಿಯಾಬ್ ಒಲೆಯ ಬಳಿಯಿಂದ, ಏಲಕ್ಕಿ ಕುಟ್ಟುವುದನ್ನು ನಿಲ್ಲಿಸದೆ. ವಯಸ್ಸಾದವರೆಲ್ಲ ಅವನ ಬಾಯಲ್ಲಿ ಹಾಜ್.

ಶುರೂಕ್ ಕೆಳಗಿಳಿದು ತನ್ನ ಫೋನಿನ ಮೇಲೆ ಬೆರಳಾಡಿಸಿದಳು. ದೀಪ ಆರಿತು. ತಟ್ಟೆ ಮಾತ್ರ ಕೆಲಸ ಮಾಡುತ್ತಲೇ ಇತ್ತು. ಅಣ್ಣನಿಗೆ ಸಮಾಧಾನವಾಯಿತು.

ಮದಾಫಾ ನಮ್ಮ ಕುಲದವರೆಲ್ಲರ ಅತಿಥಿಮನೆ. ಮದುವೆಯ ಮಾತು, ಸಾವಿನ ಮನೆಯವರಿಗೆ ಸಾಂತ್ವನ, ಜಗಳದ ರಾಜಿ, ಎಲ್ಲವೂ ಅಲ್ಲೇ. ನಮ್ಮ ಹಳ್ಳಿ ಕರಕ್ ಪಟ್ಟಣದ ಕೆಳಗಿನ ಕಣಿವೆಯಲ್ಲಿದೆ. ಮೊಬೈಲಿಗೆ ಸಿಗ್ನಲ್ ಬೇಕಾದವರು ನೀರಿನ ಟ್ಯಾಂಕಿನ ದಿಬ್ಬ ಹತ್ತಬೇಕು. ಮದಾಫಾದ ಕಲ್ಲುಗೋಡೆಯೊಳಗಂತೂ ಸಿಗ್ನಲ್ ಎಂಬುದು ಕಾಲಿಡುವುದೇ ಇಲ್ಲ. ಕಳೆದ ಚಳಿಗಾಲ ಸಾಂತ್ವನ ಹೇಳಲು ಅಮ್ಮಾನ್‌ನಿಂದ ಬಂದವರೊಬ್ಬರು ಫೋನಿಗಾಗಿ ಆ ದಿಬ್ಬ ಹತ್ತಿ, ಗಾಳಿಯಲ್ಲಿ ನಡುಗುತ್ತ ನಿಂತಿದ್ದನ್ನು ಅಣ್ಣ ಕಿಟಕಿಯಿಂದ ನೋಡಿದ. ಅತಿಥಿ ಚಳಿಯಲ್ಲಿ, ನಾವು ಬೆಂಕಿಯ ಬಳಿ! ಆ ರಾತ್ರಿ ಊಟ ಸೇರಲಿಲ್ಲ ಅವನಿಗೆ. ಬೆಳಗಾದ ಮೇಲೆ ಮೊಮ್ಮಗಳನ್ನು ಕರೆದು, "ಪಟ್ಟಣದ ಹೋಟೆಲುಗಳಿಗೆಲ್ಲ ಹಾಕ್ತೀಯಲ್ಲ, ಅದೇನದು, ನಮಗೂ ಒಂದು ಹಾಕು," ಎಂದ.

ಶುರೂಕ್ ಮಾಡುವ ಕೆಲಸವೇ ಅದು. ಹೋಟೆಲು, ಶಾಲೆ, ಆಸ್ಪತ್ರೆಗಳಲ್ಲಿ ವೈಫೈ ಜೋಡಿಸುವ ಅಂಗಡಿಯೊಂದರಲ್ಲಿ ಅವಳಿದ್ದಾಳೆ. ಮನೆಬಳಕೆಯ ಸಣ್ಣ ಪೆಟ್ಟಿಗೆಗಳ ಬಗ್ಗೆ ಅವಳಿಗೆ ಸ್ವಲ್ಪ ತಾತ್ಸಾರ. "ಅದು ಐದು ಜನರ ಅಡುಗೆಪಾತ್ರೆ ಅತ್ತೆ. ಇದು ಮದುವೆಮನೆ ಹಂಡೆ," ಎಂದಿದ್ದಳು ನನಗೆ. ಒಂದೇ ತಂತಿಯಲ್ಲಿ ಕರೆಂಟೂ ನೆಟ್ಟೂ ಎರಡೂ ಬರುತ್ತವೆ, ನೂರು ಜನ ಒಟ್ಟಿಗೆ ಬಂದರೂ ತಡೆಯುತ್ತದೆ ಎಂದು ಅವಳು ವಿವರಿಸುವಾಗ ನನಗೆ ತರಗತಿಯಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳ ಉತ್ತರ ಕೇಳಿಸಿಕೊಂಡ ಹಾಗಾಗುತ್ತಿತ್ತು. ನಾನು ಬಾಲಕಿಯರ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ಶುರೂಕ್‌ಳ ತಾಯಿ, ಮಗು ನಡೆಯಲು ಕಲಿಯುವ ಹೊತ್ತಿಗೆ ತೀರಿಕೊಂಡಳು. ತಂದೆ, ನಮ್ಮಣ್ಣನ ಮಗ ಅತಾಲ್ಲಾ, ಸೈನ್ಯದಲ್ಲಿ ನರ್ಸ್, ಅಲ್ಲಿ ಇಲ್ಲಿ ವರ್ಗವಾಗುತ್ತಿದ್ದವನು. ಹಾಗಾಗಿ ಮಗು ನನ್ನ ಬಳಿಯೇ ಬೆಳೆಯಿತು. ಈಗ ಅತಾಲ್ಲಾ ಆಫ್ರಿಕಾದ ನಡುಮಧ್ಯದಲ್ಲಿ, ಶಾಂತಿಪಡೆಯ ಡೇರೆ ಆಸ್ಪತ್ರೆಯೊಂದರಲ್ಲಿದ್ದ.

ತಟ್ಟೆ ಕೂತ ಮೇಲೆ ಅಣ್ಣನಿಗೂ ಮೊಮ್ಮಗಳಿಗೂ ನಡೆದ ಚರ್ಚೆ ಒಂದು ವಾರ ಎಳೆಯಿತು. ಅವಳು ಎರಡು ಬೇರೆ ಬೇರೆ ಸಂಪರ್ಕಗಳನ್ನು ಮಾಡಿದ್ದಳು. ಒಂದರ ಹೆಸರು 'ಮನೆ', ಇನ್ನೊಂದರ ಹೆಸರು 'ಅತಿಥಿ'. ಒಂದೊಂದಕ್ಕೆ ಒಂದೊಂದು ಪಾಸ್‌ವರ್ಡ್.

"ಅತಿಥಿಗಳು ಒಳಗೆ ಬರೋ ಮುಂಚೆ ಒಂದು ಪುಟ ಬರುತ್ತೆ ಅಜ್ಜ. ಹೆಸರು, ಫೋನ್ ನಂಬರು ಕೇಳುತ್ತೆ. ಆಮೇಲೆ ಬಿಡುತ್ತೆ."

ಅಣ್ಣ ಕಾಫಿಯ ಪುಟ್ಟ ಬಟ್ಟಲು, ಫಿಂಜಾನನ್ನು ಕೆಳಗಿಟ್ಟ. "ಬಾಗಿಲಲ್ಲೇ ಹೆಸರು ಕೇಳುತ್ತಾ?"

"ಹೋಟೆಲಲ್ಲೆಲ್ಲ ಹಾಗೇ."

"ಇದು ಹೋಟೆಲಾ? ನಮ್ಮಪ್ಪ ಮೂರು ದಿನ ಊಟ ಹಾಕಿದ ಮೇಲೂ ಹೆಸರು ಕೇಳಿರ್ಲಿಲ್ಲ ಕಣೇ. ಬಂದವನು ಶತ್ರುವಾದ್ರೆ? ಹೆಸರು ಹೇಳೋಕೆ ನಾಚಿಕೆ ಪಡೋ ಸ್ಥಿತೀಲಿ ಬಂದಿದ್ರೆ? ತೆಗಿ ಅದನ್ನ."

ತೆಗೆದಳು.

"ಒಂದು ದಿನ ಆದ್ಮೇಲೆ ತಾನಾಗೇ ಹೊರಗೆ ಹಾಕುತ್ತೆ, ಮತ್ತೆ ಪಾಸ್‌ವರ್ಡ್ ಹಾಕ್ಬೇಕು."

"ಒಂದೇ ದಿನ! ಬೆಕ್ಕಿನ ಮರೀನೂ ಒಂದೇ ದಿನಕ್ಕೆ ಓಡಿಸಲ್ಲ ನಾವು."

"ಸರಿ ಅಜ್ಜ, ಮೂರು ದಿನ ಮಾಡ್ತೀನಿ."

"ಮೂರು ದಿನ, ಆಮೇಲೊಂದು ಊಟದ ಹೊತ್ತು. ಹಿರಿಯರ ಲೆಕ್ಕ ಅದು."

ಅದನ್ನೂ ಮಾಡಿದಳು, ನಗುತ್ತಲೇ. ಆಮೇಲೆ, 'ಅತಿಥಿ' ಸಂಪರ್ಕದಲ್ಲಿರುವ ಫೋನು ಟಿವಿಗಳು ಒಂದನ್ನೊಂದು ಕಾಣುವುದಿಲ್ಲ, ಅದು ಭದ್ರತೆಗಾಗಿ ಎಂದಾಗ ಅಣ್ಣ, "ಒಂದೇ ತಟ್ಟೆಗೆ ಕೈ ಹಾಕಿ ಮನ್ಸಫ್ ಉಣ್ಣೋರು, ಒಬ್ರನ್ನೊಬ್ರು ಕಾಣಬಾರದಾ?" ಎಂದ.

"ಫೋನುಗಳು ಅಜ್ಜ, ಮನುಷ್ಯರಲ್ಲ."

"ಗೊತ್ತು, ಗೊತ್ತು. ನನ್ನನ್ನ ಅಷ್ಟು ಮುದುಕ ಅನ್ಕೋಬೇಡ."

ಅವಳು ಜಗ್ಗದೆ ನಿಂತದ್ದು ಒಂದೇ ವಿಷಯಕ್ಕೆ. 'ಅತಿಥಿ'ಯ ವೇಗಕ್ಕೆ ಒಂದು ಮಿತಿ ಇರಲೇಬೇಕು. ಇಲ್ಲದಿದ್ದರೆ ಬಂದವರೆಲ್ಲ ಸೇರಿ ಪಟ್ಟಣದಿಂದ ಬರುವ ಇಡೀ ನೆಟ್ಟನ್ನು ಹೀರಿಬಿಡುತ್ತಾರೆ. 'ಮನೆ'ಗೆ ಮಿತಿಯಿಲ್ಲ, ಅದು ಮನೆಯ ನಾಲ್ಕಾರು ಜನರಿಗೆ ಮಾತ್ರ. ಅಣ್ಣ ಕೊನೆಯಲ್ಲಿ "ಹೂಂ" ಎಂದ. ಅವನ ಆ "ಹೂಂ" ಅನ್ನು ಚಿಕ್ಕಂದಿನಿಂದ ಕೇಳಿರುವ ನನಗೆ ಅದು ಒಪ್ಪಿಗೆಯಲ್ಲ ಎಂದು ತಿಳಿಯಬೇಕಿತ್ತು. ಆದರೆ ಅಂದು ನನ್ನ ಗಮನ ಬೇರೆಡೆಗಿತ್ತು. ಮುಂದಿನ ಶುಕ್ರವಾರ ಶುರೂಕ್‌ಳನ್ನು ಕೇಳಲು ಜಾಹಾ ಬರುವುದಿತ್ತು.

ಹುಡುಗ ಲೈಥ್, ಪಟ್ಟಣದ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಆ ಶಾಲೆಗೆ ವೈಫೈ ಹಾಕಲು ಹೋದವಳಿಗೆ ಏಣಿ ಹಿಡಿದುಕೊಂಡವನು. ಅವನ ತಾಯಿ ಮೊದಲೇ ಬಂದು ನನ್ನ ಜೊತೆ ಚಹಾ ಕುಡಿದು ಮಾತಾಡಿ ಹೋಗಿದ್ದಳು. ಒಳಗೊಳಗೆ ಎಲ್ಲವೂ ಆಗಿತ್ತು. ಆದರೂ ಜಾಹಾ ಬರದೆ ಯಾವುದೂ ಆದಂತಲ್ಲ. ಹುಡುಗನ ಕಡೆಯ ಹಿರಿಯರು ಗುಂಪಾಗಿ ಬರುತ್ತಾರೆ, ಮುಂದೆ ಕಾಫಿಯ ಫಿಂಜಾನ್ ಇಡುತ್ತೇವೆ, ಅವರು ಕುಡಿಯುವುದಿಲ್ಲ. ಹಿರಿಯರೊಬ್ಬರು ಎದ್ದು, ನಿಮ್ಮ ಮಗಳನ್ನು ಕೊಡುವವರೆಗೆ ಈ ಕಾಫಿ ಮುಟ್ಟೆವು ಎನ್ನುತ್ತಾರೆ. ಹುಡುಗಿಯ ಕಡೆಯವರು "ಕುಡಿಯಿರಿ" ಎಂದರೆ ಮುಗಿಯಿತು. ಆ ಕಾಫಿ ಆರಿ ತಣ್ಣಗಾಗುವಷ್ಟು ಹೊತ್ತು ಅವರನ್ನು ಕಾಯಿಸುವುದು ಮನೆಯವರಿಗೆ ಅವಮಾನ.

ಆ ಮಾತನ್ನು ಆಡಬೇಕಾದವನು ತಂದೆ. ಅತಾಲ್ಲಾನಿಗೆ ರಜೆ ಸಿಗಲಿಲ್ಲ. "ನನ್ನ ಪರವಾಗಿ ಅಪ್ಪ ಹೇಳ್ಲಿ," ಎಂದು ಅವನು ಸುಲಭವಾಗಿ ಹೇಳಬಹುದಿತ್ತು. ಹೇಳಲಿಲ್ಲ. ಮಗಳಿಗೆ ಫೋನಿನಲ್ಲಿ ಅವನು ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ: "ನಿನ್ನ ಶಾಲೆ ಸೇರಿಸೋವಾಗ ನಾನಿರ್ಲಿಲ್ಲ, ಕಾಲೇಜಿಗೂ ಇರ್ಲಿಲ್ಲ. ಇದಕ್ಕೆ ಇರ್ತೀನಿ. ಮೊದ್ಲು ನಿನ್ನ ಮುಖ ನೋಡಿ ನಿನ್ನನ್ನ ಕೇಳ್ತೀನಿ. ನೀನು ಹೂಂ ಅಂದ್ರೆ ಅವರಿಗೆ ಹೇಳ್ತೀನಿ. ಅದಕ್ಕಿಂತ ಮುಂಚೆ ಇಲ್ಲ."

ಅವರ ಆಸ್ಪತ್ರೆಯಲ್ಲಿ ನೆಟ್ ಇದ್ದದ್ದು ಒಂದೇ ಡೇರೆಯಲ್ಲಿ. ಸರದಿಯ ಮೇಲೆ ಒಬ್ಬೊಬ್ಬರಿಗೆ ಸ್ವಲ್ಪ ಹೊತ್ತು. ಅತಾಲ್ಲಾ ಯಾರ ಯಾರನ್ನೋ ಬೇಡಿಕೊಂಡು ಶುಕ್ರವಾರ ಮಧ್ಯಾಹ್ನದ ಅಸ್ರ್ ನಮಾಜಿನ ನಂತರದ ಸರದಿ ಹಿಡಿದಿದ್ದ. ಶುರೂಕ್ ಮದಾಫಾದ ಗೋಡೆಗೆ ದೊಡ್ಡ ಟಿವಿ ಹಾಕಿಸಿದಳು. ಅಪ್ಪನ ಮುಖ ಅದರಲ್ಲಿ ಬರಬೇಕು, ಎಲ್ಲರ ಎದುರು, ಇಷ್ಟು ದೊಡ್ಡದಾಗಿ. ಗುರುವಾರ ಪರೀಕ್ಷೆ ಮಾಡಿದಾಗ ಚೆನ್ನಾಗಿ ಬಂತು. ಅತಾಲ್ಲಾನ ಮೀಸೆಯ ಬಿಳಿಗೂದಲೂ ಎಣಿಸುವಂತಿತ್ತು.

ಅಣ್ಣ ಮಾತ್ರ ಒಂದು ಮಾತು ಹೇಳಿದ್ದ. "ಬರಲಿ, ಸಂತೋಷ. ಆದ್ರೆ ಅವರ ಕಡೆ ಹಿರಿಯ ಅಬು ಸಖರ್ ಮಾತು ಮುಗಿಸಿ ಕೂತ ಮೇಲೂ ಅವನು ಬರ್ಲಿಲ್ಲ ಅಂದ್ರೆ ನಾನೇ ಉತ್ತರ ಕೊಡ್ತೀನಿ. ಅತಿಥಿಗಳ ಮುಂದೆ ಕಾಫಿ ಆರಬಾರದು."

"ಬರ್ತಾರೆ ಅಜ್ಜ," ಎಂದಳು ಶುರೂಕ್.

ಶುಕ್ರವಾರ ಜಾಹಾ ಬಂತು. ನಲವತ್ತಕ್ಕೂ ಹೆಚ್ಚು ಗಂಡಸರು, ಇಸ್ತ್ರಿ ಮಾಡಿದ ಕಂದು ಅಬಾಯಾ ನಿಲುವಂಗಿಗಳು, ಕೆಂಪು ಚೌಕುಳಿಯ ತಲೆವಸ್ತ್ರಗಳು. ಮುಂದೆ ಲೈಥ್‌ನ ಅಜ್ಜನ ತಮ್ಮ ಅಬು ಸಖರ್, ಕೈಯಲ್ಲಿ ಬೆಳ್ಳಿಹಿಡಿಯ ಕೋಲು. ನಾವು ಹೆಂಗಸರು ಪಕ್ಕದ ಕೋಣೆಯಲ್ಲಿದ್ದೆವು. ನಡುವೆ ಬಾಗಿಲಿಗೆ ಒಂದು ತೆಳು ಪರದೆ. ಹುಡುಗನ ಕಡೆಯ ಹೆಂಗಸರೂ ನಮ್ಮ ಜೊತೆ. ಲೈಥ್‌ನ ತಾಯಿ ಉಮ್ ಲೈಥ್, ದಪ್ಪನೆಯ ನಗುಮುಖದವಳು, ಬಂದವಳೇ ಶುರೂಕ್‌ಳ ಕೆನ್ನೆ ಹಿಡಿದು, "ಈಗ ನಾಚಿಕೊಳ್ಳೋ ಥರ ಇರ್ಬೇಕು, ಹಾಗೆ ನೇರ ನೋಡ್ಬಾರ್ದಮ್ಮಾ," ಎಂದು ಕಣ್ಣು ಮಿಟುಕಿಸಿದಳು.

ಅಸ್ರ್ ಮುಗಿಯಿತು. ಶುರೂಕ್ ಫೋನ್ ಹಿಡಿದು ಕೂತಳು. ಅಪ್ಪನಿಂದ ಕರೆ ಬಂತು. ಎತ್ತಿದಳು. ಅತಾಲ್ಲಾನ ಮುಖ ಬಂದು, ಅರ್ಧ ತೆರೆದ ಬಾಯಿಯೊಡನೆ ಹಾಗೇ ನಿಂತುಬಿಟ್ಟಿತು. ಒಂದು ಗುಂಡನೆಯ ಚಿಹ್ನೆ ಸುತ್ತತೊಡಗಿತು. ಕಡಿಯಿತು. ಮತ್ತೆ ಬಂತು, ಮತ್ತೆ ನಿಂತಿತು.

"ಅಲ್ಲಿಂದ ತೊಂದ್ರೆನಾ?" ಎಂದೆ.

ಅವಳು ಉತ್ತರಿಸದೆ ತಟ್ಟೆಯ ಲೆಕ್ಕವನ್ನು ತೋರಿಸುವ ಪುಟ ತೆರೆದಳು. ಅವಳ ಮುಖದ ಬಣ್ಣ ಹೋಯಿತು.

"ಅತ್ತೆ, 'ಮನೆ'ಯಲ್ಲಿ ನಲವತ್ತೊಂದು ಫೋನಿದೆ."

"ನಮ್ಮನೇಲಿ ಅಷ್ಟು ಜನ ಎಲ್ಲಿ?"

"ಅದೇ! 'ಅತಿಥಿ'ಯಲ್ಲಿ ನೋಡಿ. ನಮ್ಮ ಟಿವಿ, ಅಜ್ಜನ ಫೋನು, ದಿಯಾಬ್ ಫೋನು."

ಪರದೆಯ ಅಂಚಿನಿಂದ ನೋಡಿದೆ. ಮದಾಫಾದ ಬಾಗಿಲ ಬಳಿಯ ಮೇಜಿನ ಮೇಲೆ ರಟ್ಟಿನ ಮೇಲೆ ದಿಯಾಬ್‌ನ ದೊಡ್ಡ ಅಕ್ಷರಗಳಲ್ಲಿ ಬರೆದು ನಿಲ್ಲಿಸಿತ್ತು: 'ಮನೆ'ಯ ಪಾಸ್‌ವರ್ಡ್. ನಾನು ದಿಯಾಬ್‌ನನ್ನು ಸನ್ನೆ ಮಾಡಿ ಕರೆದೆ.

"ಏನೋ ಇದು?"

"ಹಾಜ್ ಹೇಳಿದ್ದು, ಸಿತ್ ವದಾದ್," ಎಂದ ನನಗೆ, ಮನೆಯ ಹಿರಿಯಳನ್ನು ಕರೆಯುವ ಮರ್ಯಾದೆಯಲ್ಲಿ. "ಬಂದವರಿಗೆ ನಿಧಾನದ್ದು, ನಮಗೆ ಜೋರಿನದು ಕೊಟ್ರೆ, ಅತಿಥಿಗೆ ಮೂಳೆ ಹಾಕಿ ನಾವು ಮಾಂಸ ತಿಂದ ಹಾಗಾಗುತ್ತೆ ಅಂದ್ರು. ಅದಕ್ಕೇ ಅದಲು ಬದಲು ಮಾಡಿದ್ವಿ. ಬೆಳಿಗ್ಗೆ ನಾನೇ ಟಿವೀನೂ ಆ ಕಡೆ ಹಾಕ್ದೆ." ಅವನ ದನಿಯಲ್ಲಿ ಹೆಮ್ಮೆ ಇತ್ತು. "ಕಷ್ಟ ಏನಿಲ್ಲ, ಕಲಿತ್ಕೊಂಡೆ."

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಮ್ಮಣ್ಣನನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ಯಾರು ಈ ತಪ್ಪು ಮಾಡುತ್ತಿದ್ದರು? ಒಳಗೆ ನಲವತ್ತು ಮಂದಿ ಫೋನುಗಳನ್ನು ಎತ್ತಿ ಹಿಡಿದು, ಅಬು ಸಖರ್ ಎದ್ದು ನಿಲ್ಲುವುದನ್ನು ಚಿತ್ರ ತೆಗೆದು, ಅಮ್ಮಾನ್‌ಗೆ, ಝರ್ಕಾಗೆ, ಕುವೈತಿಗೆ ನೇರವಾಗಿ ಕಳಿಸುತ್ತಿದ್ದರು. ಮಿತಿಯಿಲ್ಲದ ಸಂಪರ್ಕ, ಎಲ್ಲವನ್ನೂ ಅವರೇ ಕುಡಿದುಬಿಟ್ಟಿದ್ದರು. ಶುರೂಕ್‌ಳ ಫೋನಿಗೂ ಟಿವಿಗೂ ಉಳಿದದ್ದು ತಳದ ಗಸಿ.

ಅಬು ಸಖರ್ ದೇವರ ಹೆಸರೆತ್ತಿ ಮಾತು ಆರಂಭಿಸಿದರು. ಅವರ ಮುಂದೆ ಫಿಂಜಾನ್, ಅದರಿಂದ ಏಳುವ ಹಬೆ.

"ನಿನಗೇನೂ ಮಾಡೋಕಾಗಲ್ವಾ?" ಎಂದೆ ಶುರೂಕ್‌ಗೆ.

"ಆಗುತ್ತೆ. ಒಂದು ಬೆರಳು ಸಾಕು. ಇವರೆಲ್ಲರಿಗೂ ಮಿತಿ ಹಾಕಬಹುದು. ಆದ್ರೆ ಹಾಕಿದ ತಕ್ಷಣ ಎಲ್ಲರದೂ ಕಡಿದುಹೋಗಿ ಆಮೇಲೆ ಬರುತ್ತೆ. ಇಲ್ಲಾಂದ್ರೆ ಒಬ್ಬೊಬ್ಬರನ್ನೇ ಹೊರಗೆ ಹಾಕಬಹುದು."

ಅವಳು ಅವಸರದಲ್ಲಿ ಪರದೆಯ ಬಳಿಗೆ ಹೋಗಿ ಅಜ್ಜನನ್ನು ಮೆಲ್ಲನೆ ಕರೆದಳು. ಬಾಗಿಲ ಪಕ್ಕದಲ್ಲೇ ಕೂತಿದ್ದ ಅಣ್ಣ ಕಿವಿ ಮಾತ್ರ ಇತ್ತ ವಾಲಿಸಿದ.

"ಅಜ್ಜ, ಅಪ್ಪ ಬರ್ತಿಲ್ಲ. ಇವರನ್ನ ಒಂದು ಗಳಿಗೆ ತೆಗೀಬೇಕು."

"ಯಾರನ್ನ?"

"ಅತಿಥಿಗಳನ್ನ. ನೆಟ್ಟಿಂದ."

"ನನ್ನ ಮನೇಲಿ ಕೂತಿರೋರನ್ನ? ಅವರ ಕೈಯಿಂದ ಕಿತ್ಕೊಳ್ಳೋದಾ? ಜಾಹಾ ಬಂದಾಗ ಮನೆಯವರು ಕಡಿದು ಹಾಕಿದ್ರು ಅಂತ ಮೊಮ್ಮಕ್ಕಳ ಕಾಲಕ್ಕೂ ಹೇಳ್ತಾರೆ. ಬೇಡ ಮಗಳೇ. ದೇವರಾಣೆ ಬೇಡ."

"ಹಾಗಾದ್ರೆ ಸ್ವಲ್ಪ ನಿಲ್ಲಿಸಿ ಅಂತ ನೀವೇ ಕೇಳಿ."

"ಅತಿಥಿಯನ್ನ ಕೇಳೋದಾ? ನಾನು?"

ಅಷ್ಟೇ. ಅವನು ಮತ್ತೆ ನೆಟ್ಟಗೆ ಕೂತ. ಆದರೆ ಅವನ ಕೈ ಜಪಮಣಿಯ ಮೇಲೆ ಒಂದೇ ಮಣಿಯನ್ನು ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತಿತ್ತು. ಮಗನ ದನಿ ಕೇಳಬೇಕೆಂಬ ಆಸೆ ಅವನಿಗೂ ಕಡಿಮೆಯಿರಲಿಲ್ಲ.

ಶುರೂಕ್ ಬಂದು ಕೂತಳು. ಮತ್ತೊಮ್ಮೆ ಅಪ್ಪನ ಕರೆ ಬಂತು, ಮತ್ತೊಮ್ಮೆ ಮುಖ ಹೆಪ್ಪುಗಟ್ಟಿತು. ಈ ಸಲ ಒಂದು ಮಾತು ದಾಟಿ ಬಂತು: "ಮಗಳೇ, ಕಾಣ್ತಿದೀಯ..." ಆಮೇಲೆ ಏನಿಲ್ಲ. ಅವಳ ಬೆರಳು ಫೋನಿನ ಮೇಲೆ ಆ ಒಂದು ಗುಂಡಿಯ ಮೇಲೆ ನಿಂತಿತ್ತು. ಒತ್ತಿದ್ದರೆ ನಾನು ತಡೆಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಒತ್ತಲಿ ಎಂದೇ ನನಗಿತ್ತು. ಅವಳು ಒತ್ತಲಿಲ್ಲ. ಫೋನನ್ನು ತೊಡೆಯ ಮೇಲೆ ಬೋರಲು ಹಾಕಿ, ಎರಡೂ ಅಂಗೈ ಅದರ ಮೇಲಿಟ್ಟಳು.

"ಹೋಗ್ಲಿ ಬಿಡಿ ಅತ್ತೆ. ಅಜ್ಜ ಹೇಳ್ಲಿ. ಅಪ್ಪನಿಗೆ ಆಮೇಲೆ ಹೇಳಿದ್ರಾಯ್ತು." ದನಿ ಸರಿಯಾಗೇ ಇತ್ತು. ಕಣ್ಣುಗಳು ಮಾತ್ರ ಸರಿಯಿರಲಿಲ್ಲ.

ಉಮ್ ಲೈಥ್ ಇಷ್ಟು ಹೊತ್ತೂ ನನ್ನ ಅಕ್ಕನ ಮಗಳ ಜೊತೆ ಮನ್ಸಫ್‌ಗೆ ಹಾಕುವ ಒಣಮೊಸರು, ಜಮೀದ್, ಯಾವ ಊರಿನದು ಚೆಂದ ಎಂದು ಮಾತಾಡುತ್ತಿದ್ದವಳು. ಮಾತಾಡುತ್ತಲೇ ಎಲ್ಲವನ್ನೂ ನೋಡಿದ್ದಳೆಂದು ಈಗ ತಿಳಿಯಿತು. ಸರಿದು ಬಂದು ಶುರೂಕ್‌ಳ ಪಕ್ಕ ಕೂತು, "ಯಾರದು ಇಷ್ಟೊಂದು ಎಳೀತಿರೋದು? ತೋರ್ಸು," ಎಂದಳು.

ಶುರೂಕ್ ತೋರಿಸಿದಳು. ಫೋನುಗಳಿಗೆ ಅವರವರು ಇಟ್ಟುಕೊಂಡ ಹೆಸರುಗಳು. ಎಲ್ಲಕ್ಕಿಂತ ಮೇಲೆ, ಅತಿ ಹೆಚ್ಚು ಎಳೆಯುತ್ತಿದ್ದದ್ದು 'ಕರಕ್‌ನ ಸಿಂಹ'.

"ಅಯ್ಯೋ, ಇದು ನಮ್ಮ ಯಜಮಾನರು!" ಎಂದಳು ಉಮ್ ಲೈಥ್. "ಮನೇಲಿ ಇಲಿ ಬಂದ್ರೆ ಮಂಚ ಹತ್ತೋ ಸಿಂಹ. ಇರು, ಮೆಸೇಜ್ ಹಾಕ್ತೀನಿ."

ಹಾಕಿದಳು. ಮೆಸೇಜ್ ಹೋಗಲಿಲ್ಲ. ಗುಂಡನೆಯ ಚಿಹ್ನೆ ಸುತ್ತುತ್ತಲೇ ಇತ್ತು.

"ನೋಡು, ಗಂಡನೇ ದಾರಿಗೆ ಅಡ್ಡ ಕೂತಿದಾನೆ," ಎಂದು ಗೊಣಗಿ, ಮೊಣಕಾಲು ಹಿಡಿದುಕೊಂಡು ಎದ್ದಳು. ಕೈಚೀಲ ತಡಕಿ ಒಂದು ಮಾತ್ರೆಯ ಪಟ್ಟಿ ತೆಗೆದಳು. ತಲೆನೋವಿನ ಮಾತ್ರೆ, ಹೊದಿಕೆ ನಾನು ನೋಡಿದೆ. ಪರದೆಯ ಬಳಿ ನಿಂತು, ಮಾತಿನ ನಡುವೆ ಉಸಿರೆಳೆಯಲು ನಿಂತಿದ್ದ ಅಬು ಸಖರ್‌ಗೆ ಕೇಳಿಸುವಂತೆ, "ಮಾವಾ, ನಿಮ್ಮ ಬಿಪಿ ಮಾತ್ರೆ! ಹೊತ್ತು ಮೀರ್ತು," ಎಂದಳು.

ಅಬು ಸಖರ್ ಒಂದು ಕ್ಷಣ ಅವಳತ್ತ ನೋಡಿದರು. ಅವರಿಗೆ ಬಿಪಿ ಇರಲಿಲ್ಲವೆಂದು ಆಮೇಲೆ ತಿಳಿಯಿತು. "ಕ್ಷಮಿಸಿ," ಎಂದು ಸಭೆಗೆ ಹೇಳಿ, ಕೋಲೂರುತ್ತ ಬಾಗಿಲಿಗೆ ಬಂದರು. ಉಮ್ ಲೈಥ್ ಪಿಸುಗುಟ್ಟಿದ್ದು ನನಗೆ ಕೇಳಿಸಿತು.

"ಹುಡುಗಿ ಅಪ್ಪ ದೂರದೇಶದಿಂದ ಕರೀತಿದಾನೆ. ನಮ್ಮೋರ ಫೋನುಗಳಿಂದ ದಾರಿ ಕಟ್ಟಿದೆ. ಇವರಿಗೆ ನಮ್ಮನ್ನ ಕೇಳೋಕೆ ಸಂಕೋಚ. ಹುಡುಗಿ ಕೈಯಲ್ಲಿ ನಿಲ್ಲಿಸೋ ಗುಂಡಿ ಇದೆ, ಒತ್ತಿಲ್ಲ ಅವಳು."

ಮುದುಕರು ಪರದೆಯ ಅಂಚಿನಿಂದ ಶುರೂಕ್‌ಳ ಬೋರಲು ಹಾಕಿದ ಫೋನನ್ನೂ ಅದರ ಮೇಲಿನ ಕೈಗಳನ್ನೂ ನೋಡಿದರು. ತಲೆನೋವಿನ ಮಾತ್ರೆಯನ್ನು ನೀರಿಲ್ಲದೆ ನುಂಗಿಯೇಬಿಟ್ಟರು, ಸುಳ್ಳಿಗೆ ಸಾಕ್ಷಿ ಬೇಕಲ್ಲ. ಹೋಗಿ ತಮ್ಮ ಜಾಗದಲ್ಲಿ ನಿಂತರು.

"ಒಂದು ಮಾತು," ಎಂದರು. "ಮಾತು ಮುಂದುವರಿಸೋ ಮುಂಚೆ ನನಗೊಂದು ಉಪಕಾರ ಮಾಡಿ. ನನ್ನ ಎದೆ ಇವತ್ತು ಸರಿಯಿಲ್ಲ. ಈ ಫೋನುಗಳ ಅಲೆ ನನಗಾಗಲ್ಲ ಅಂತ ಡಾಕ್ಟರು ಹೇಳಿದಾರೆ. ನನ್ನ ಜೊತೆ ಬಂದೋರೆಲ್ಲ ಫೋನ್ ಆರಿಸಿ ಜೇಬಲ್ಲಿಡಿ. ಎಲ್ರೂ."

"ಚಿಕ್ಕಪ್ಪಾ, ನಿನ್ನೆ ತಾನೆ ನೀವೇ ಮೂರು ಗಂಟೆ ಫೋನಲ್ಲಿ..." ಎಂದು ಒಬ್ಬ ಆರಂಭಿಸಿದ.

"ಅದಕ್ಕೇ ಸರಿಯಿಲ್ಲ ಅಂದಿದ್ದು!" ಎಂದು ಕೋಲನ್ನು ನೆಲಕ್ಕೆ ಕುಟ್ಟಿದರು. "ಸಿಂಹಗಳೂ ಆರಿಸ್ಬೇಕು."

ನಗು ಹಬ್ಬಿತು. ಒಂದೊಂದೇ ಫೋನು ಆರಿತು. ಅಣ್ಣ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ಅರ್ಥವಾಗಿತ್ತು, ಆ ಸಭೆಯಲ್ಲಿ ಅರ್ಥವಾಗದವರು ಯಾರೂ ಇದ್ದಿರಲಾರರು. ಆದರೆ ಯಾರೂ ಅರ್ಥವಾದಂತೆ ತೋರಿಸಿಕೊಳ್ಳಲಿಲ್ಲ. ಅಷ್ಟು ಜನ ಒಟ್ಟಿಗೆ ಸೇರಿ ಒಬ್ಬ ಮುದುಕನ ಮಾನ ಕಾಯುವುದನ್ನು ನಾನು ನೋಡಿದ್ದು ಅದೇ ಮೊದಲು.

ಶುರೂಕ್‌ಳ ಫೋನು ಹೊಡೆದುಕೊಂಡಿತು. ಈ ಬಾರಿ ಅತಾಲ್ಲಾನ ಮುಖ ಚಲಿಸುತ್ತಿತ್ತು. ಹಿಂದೆ ಹಸಿರು ಡೇರೆಯ ಬಟ್ಟೆ, ಯಾರದೋ ಕೆಮ್ಮು.

"ಕಾಣ್ತಿದೀಯ, ಕಾಣ್ತಿದೀಯ," ಎಂದ. "ಬೇಗ ಹೇಳು, ಮುಂದಿನ ಸರದಿಯವನು ಬಾಗಿಲಲ್ಲಿ ನಿಂತಿದಾನೆ. ಶುರೂಕ್, ಆ ಹುಡುಗನನ್ನ..."

ಉಮ್ ಲೈಥ್ ತಟ್ಟನೆ ಎದ್ದು, "ಏ ಬನ್ರೇ, ಇವರ ಅಂಜೂರದ ಗಿಡ ಎಷ್ಟು ಎತ್ತರ ಇದೆ ನೋಡೋಣ," ಎಂದು ಹೆಂಗಸರನ್ನೆಲ್ಲ ಕಿಟಕಿಗೆ ಎಳೆದೊಯ್ದಳು. ಗಿಡ ನನ್ನ ಸೊಂಟದಷ್ಟೂ ಇಲ್ಲ. ಅವರು ಅದನ್ನು ಬಹಳ ಗಂಭೀರವಾಗಿ ನೋಡಿದರು.

"ಅವನನ್ನ ಮದುವೆಯಾಗೋಕೆ ನಿನಗಿಷ್ಟನಾ? ನನ್ನ ಮುಖ ನೋಡಿ ಹೇಳು. ಅಜ್ಜನಿಗೆ ಹೆದರ್ಬೇಡ, ಅತ್ತೆಗೂ ಹೆದರ್ಬೇಡ."

"ನನಗ್ಯಾಕೋ ಹೆದರ್ತಾಳೆ?" ಎಂದೆ.

"ಇಷ್ಟ ಅಪ್ಪಾ," ಎಂದಳು ಶುರೂಕ್. ಆಮೇಲೆ, ಸಾಲದೆಂಬಂತೆ, "ತುಂಬಾ," ಎಂದಳು. ಅತಾಲ್ಲಾ ಕೈಯಿಂದ ಮುಖ ಒರೆಸಿಕೊಂಡ. "ಸರಿ. ನನ್ನನ್ನ ಒಳಗೆ ಕರ್ಕೊಂಡು ಹೋಗು."

ಟಿವಿಯಲ್ಲಿ ತೋರಿಸುವಂತಿರಲಿಲ್ಲ, ಅದಿನ್ನೂ 'ಅತಿಥಿ'ಯಲ್ಲೇ ಇತ್ತು, ಫೋನು 'ಮನೆ'ಯಲ್ಲಿ, ಒಂದನ್ನೊಂದು ಕಾಣುತ್ತಿರಲಿಲ್ಲ. ಸರಿಪಡಿಸುವ ಹೊತ್ತಿರಲಿಲ್ಲ. ಪರದೆಯ ಸಂದಿನಿಂದ ಫೋನನ್ನೇ ಅಜ್ಜನ ಕೈಗಿತ್ತಳು. ಅಣ್ಣ ಅದನ್ನು ಕಿವಿಗೆ ಒತ್ತಿಕೊಂಡ.

"ಅಪ್ಪಾ, ನನಗೆ ನಿಮ್ಮ ಕಿವಿ ಮಾತ್ರ ಕಾಣ್ತಿದೆ," ಎಂಬ ದನಿ ಮದಾಫಾಕ್ಕೆಲ್ಲ ಕೇಳಿಸಿತು.

ಮುಖದ ಮುಂದೆ ಹಿಡಿದ. ಮಗನನ್ನು ನೋಡಿದ. ಆಮೇಲೆ ಫೋನನ್ನು ಪಕ್ಕದವರಿಗೆ ದಾಟಿಸಿಬಿಟ್ಟ. ಅಲ್ಲಿಂದ ಹೊಸ ಪೀಕಲಾಟ. ಫೋನು ಕೈಗೆ ಬಂದವರು ಸಲಾಂ ಹೇಳದೆ ಇರುತ್ತಾರೆಯೇ? "ಹೇಗಿದೀಯಪ್ಪಾ ಅತಾಲ್ಲಾ?" "ದೇವರ ದಯೆ, ನೀವು ಹೇಗಿದೀರಿ?" "ಅಲ್ಲಿ ಸೆಖೆನಾ?" "ಸೆಖೆ." "ಊಟ?" "ಪರವಾಗಿಲ್ಲ." "ಮಕ್ಕಳು ಮರಿ?" "ಅವಳನ್ನೇ ಕೇಳೋಕೆ ಬಂದಿದೀರಲ್ಲ!" ಸಾಲಿನಲ್ಲಿ ಇನ್ನೂ ಮೂವತ್ತೈದು ಜನ ಕೈ ಚಾಚಿಕೊಂಡು ಕೂತಿದ್ದರು. ಶುರೂಕ್ ನನ್ನ ಮುಂಗೈ ಹಿಡಿದ ಹಿಡಿತಕ್ಕೆ ಬಳೆ ಒಳಗಿಳಿಯಿತು.

"ಕೊಡಿ ಇತ್ತ!" ಎಂದರು ಅಬು ಸಖರ್. "ಎಲ್ಲರ ಪರವಾಗಿ ಸಲಾಂ ನಾನೇ ಹೇಳ್ತೀನಿ, ನಿಮ್ಮ ಪುಣ್ಯದಲ್ಲಿ ಕಡಿಮೆಯಾದ್ರೆ ನನ್ನ ಲೆಕ್ಕಕ್ಕಿರಲಿ." ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಮುಂದಿನ ಫಿಂಜಾನಿನ ಕಡೆ ತಿರುಗಿಸಿ ತೋರಿಸಿದರು. "ಅತಾಲ್ಲಾ, ಉದ್ದ ಭಾಷಣ ಬರೆಸಿ ತಂದಿದ್ದೆ. ಅದನ್ನ ಬಿಟ್ಟುಬಿಡ್ತೀನಿ. ನಿನ್ನ ಮಗಳನ್ನ ನಮ್ಮ ಲೈಥ್‌ಗೆ ಕೇಳೋಕೆ ಬಂದಿದೀವಿ. ಒಳ್ಳೆಯವಳು. ನಾನು ಕಣ್ಣಾರೆ ನೋಡಿದೆ. ನೀನು ಮಾತು ಕೊಡೋವರೆಗೆ ಇದನ್ನ ಮುಟ್ಟಲ್ಲ."

"ಅಬು ಸಖರ್," ಎಂದ ಅತಾಲ್ಲಾ. "ಅವಳನ್ನ ಕೇಳ್ದೆ, ಒಪ್ಪಿದಾಳೆ. ನಾನೂ ಒಪ್ಪಿದೆ. ಕಾಫಿ ಕುಡೀರಿ."

ನಮ್ಮ ಕೋಣೆಯಲ್ಲಿ ಹೆಂಗಸರ ಝಗಾರೀತ್ ಹೊಮ್ಮಿತು. ಅಂಜೂರದ ಗಿಡವನ್ನು ಬಿಟ್ಟು ಉಮ್ ಲೈಥ್ ನಾಲಗೆಯಾಡಿಸಿ ಹಾಕಿದ ಆ ಕೂಗಿಗೆ ಕಿಟಕಿಯ ಗಾಜು ಅದುರಿತು. ಅಬು ಸಖರ್ ಫಿಂಜಾನ್ ಎತ್ತಿದರು. ದಿಯಾಬ್ ಓಡಿಬಂದು, "ಆರಿದೆ ಹಾಜ್, ಬಿಸಿದು ಕೊಡ್ತೀನಿ," ಎಂದ. ಅವರು ಕೇಳಲಿಲ್ಲ. ತಣ್ಣಗಿನದನ್ನೇ ಒಂದೇ ಗುಟುಕಿಗೆ ಕುಡಿದು, "ಇಷ್ಟು ರುಚಿಯಾದ ಬಿಸಿ ಕಾಫಿ ಇತ್ತೀಚೆಗೆ ಕುಡಿದಿರ್ಲಿಲ್ಲ," ಎಂದರು. ದಿಯಾಬ್ ಅದನ್ನು ನಂಬಿದನೋ ಇಲ್ಲವೋ, ಅವನ ಕಿವಿ ಕೆಂಪಾಯಿತು.

ಆ ಕ್ಷಣದ ಒಂದು ಚಿತ್ರವೂ ಯಾರ ಬಳಿಯೂ ಇಲ್ಲ. ಎಲ್ಲರ ಫೋನೂ ಆರಿತ್ತು. ಅಲ್ಲಿದ್ದವರೂ, ಡೇರೆಯೊಳಗಿಂದ ಅವನೂ, ನೋಡಿದ್ದಷ್ಟೇ.

ಕರೆಯನ್ನು ಕಡಿಯಲು ಯಾರಿಗೂ, ಅತ್ತ ಸರದಿಗೆ ಕಾದವನಿಗೂ, ಮನಸ್ಸಾಗಲಿಲ್ಲ. ದಿಯಾಬ್ ಫೋನನ್ನು ತಗ್ಗು ಮೇಜಿನ ಮೇಲೆ ಕಾಫಿಯ ಹೂಜಿಗೆ ಒರಗಿಸಿ ನಿಲ್ಲಿಸಿ, ಅಭ್ಯಾಸದಂತೆ ಅದರ ಮುಂದೆಯೂ ಒಂದು ಫಿಂಜಾನಿಗೆ ಬಿಸಿ ಕಾಫಿ ಸುರಿದ. ಸುರಿದ ಮೇಲೆ ಅವನಿಗೇ ಗಾಬರಿ. ಅತಿಥಿಯ ಹೆಸರಿನಲ್ಲಿ ಸುರಿದದ್ದನ್ನು ಹೂಜಿಗೆ ಮರಳಿ ಹಾಕುವಂತಿಲ್ಲ, ಹಾಗೆ ಬಿಡುವಂತೆಯೂ ಇಲ್ಲ. ಅತಾಲ್ಲಾ ಅತ್ತಲಿಂದ ಅದನ್ನೇ ನೋಡುತ್ತಿದ್ದ.

ಅಣ್ಣ ಪರದೆಯ ಕಡೆ ತಿರುಗಿದ. "ಶುರೂಕ್, ಬಾ ಇಲ್ಲಿ."

ಜಾಹಾ ಕೂತಿರುವಾಗ ಹುಡುಗಿ ಗಂಡಸರ ಸಭೆಗೆ ಬರುವ ರೂಢಿ ನಮ್ಮಲ್ಲಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ಮೆಲ್ಲನೆ ತಳ್ಳಿದೆ.

"ನಿನ್ನಪ್ಪನ ಪಾಲು," ಎಂದ ಅಣ್ಣ, ಎಲ್ಲರಿಗೂ ಕೇಳಿಸುವಂತೆ. "ಅವನ ಪರವಾಗಿ ನೀನು ಕುಡಿ."

ಅವಳು ಫೋನಿನ ಎದುರು ಮಂಡಿಯೂರಿ ಕೂತಳು. ಸಾಲಿನ ಕೊನೆಯಲ್ಲಿ ಲೈಥ್ ತನ್ನ ಬೂಟುಗಳನ್ನೇ ನೋಡುತ್ತಿದ್ದ, ಹಣೆಯವರೆಗೆ ಕೆಂಪಾಗಿ. ಅವಳು ಬಲಗೈಯಲ್ಲಿ ಫಿಂಜಾನ್ ಎತ್ತಿ, ಅಪ್ಪನ ಮುಖ ನೋಡುತ್ತ ಕುಡಿದಳು. ಸಾಕು ಎನ್ನುವವರು ಖಾಲಿ ಫಿಂಜಾನನ್ನು ಅತ್ತಿತ್ತ ಅಲುಗಿಸಿ ಕೊಡಬೇಕು. ಅಲುಗಿಸದಿದ್ದರೆ ಸುರಿಯುವವನು ಸುರಿಯುತ್ತಲೇ ಇರಬೇಕು. ಅವಳು ಅಲುಗಿಸಲಿಲ್ಲ. ದಿಯಾಬ್ ಬಗ್ಗಿ ಮತ್ತೆ ಸುರಿದ.